ಕೇಪಿನ ಕೋವಿ, ತೋಟದ ಅಳಿಲು: ಗಡಿನಾಡಿನ ಒಂದು ಮನೆಚರಿತ್ರೆ

ಕಾಸರಗೋಡಿನ ಚರಿತ್ರೆಯೆಂದರೆ ನಮ್ಮ ಕಣ್ಣಿಗೆ ಮೊದಲು ಬರುವುದು ಕೋಟೆಗಳು. ಬೇಕಲದ ಕೋಟೆ, ಚಂದ್ರಗಿರಿಯ ಕೋಟೆ, ಹೊಸದುರ್ಗದ ಕೋಟೆ, ಕುಂಬಳೆಯ ಆರಿಕ್ಕಾಡಿ ಕೋಟೆ. ಇವುಗಳನ್ನು ಕುರಿತು ಸ್ಮರಣ ಸಂಚಿಕೆಗಳಲ್ಲಿ ಸಾಕಷ್ಟು ಲೇಖನಗಳು ಬಂದಿವೆ. ಆದರೆ ಅರಸರು ಕಟ್ಟಿದ ಕೋಟೆಯಲ್ಲಿ ಮಾತ್ರವೇ ಚರಿತ್ರೆ ಇರುವುದೆಂದು ತಿಳಿಯಬೇಕಾಗಿಲ್ಲ. ನಮ್ಮ ಹಳೆಯ ಮನೆಗಳ ಅಟ್ಟದಲ್ಲಿ, ಪತ್ತಾಯದ ಮಗ್ಗುಲಲ್ಲಿ, ಜಗಲಿಯ ಬಾಗಿಲ ಹಿಂದಿನ ಮೂಲೆಯಲ್ಲಿ ಒರಗಿಸಿಟ್ಟಿದ್ದ ಒಂದು ವಸ್ತುವಿನಲ್ಲಿಯೂ ಇನ್ನೂರು ವರ್ಷಗಳ ಚರಿತ್ರೆ ಅಡಗಿತ್ತು. ಅದು ಕೇಪಿನ ಕೋವಿ. ಬಾಯಿಯಿಂದ ಮದ್ದು ತುಂಬಿ ಹೊಡೆಯುವ ಹಳೆಯ ಕೋವಿ. ಇಂದು ಅದು ಬಹುತೇಕ ಮನೆಗಳಲ್ಲಿಲ್ಲ. ಅದನ್ನು ಕಂಡವರು, ಅದರ ಸದ್ದನ್ನು ಕೇಳಿದವರು ನಮ್ಮ ತಲೆಮಾರಿನೊಂದಿಗೆ ಮುಗಿಯುತ್ತಾರೆ. ಆದುದರಿಂದ ಅದರ ಕಥೆಯನ್ನು, ಅದರೊಡನೆ ಬೆಸೆದುಕೊಂಡ ಅಳಿಲಿನ ಬೇಟೆಯ ಕಥೆಯನ್ನು, ಮರೆಯುವ ಮುನ್ನ ಇಲ್ಲಿ ಬರೆದಿಡಬೇಕೆಂದು ನಮಗೆ ತೋರಿತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಇದು ಬೇಟೆಯ ಹೊಗಳಿಕೆಯಲ್ಲ. ಹಿಂದಿನವರನ್ನು ಕಟಕಟೆಯಲ್ಲಿ ನಿಲ್ಲಿಸುವ ಉದ್ದೇಶವೂ ನಮಗಿಲ್ಲ. ನಡೆದದ್ದು ನಡೆದ ಹಾಗೆ ಮುಂದಿನವರಿಗೆ ತಿಳಿಯಲಿ ಎಂಬುದಷ್ಟೇ ನಮ್ಮ ಆಶಯ.

ಹೆಸರುಗಳಲ್ಲಿ ಉಳಿದ ಚರಿತ್ರೆ

ಗಡಿನಾಡಿನ ಭಾಗ್ಯವೆಂದರೆ ಒಂದೇ ವಸ್ತುವಿಗೆ ನಮ್ಮಲ್ಲಿ ನಾಲ್ಕು ಹೆಸರುಗಳಿರುತ್ತವೆ. ಪ್ರತಿಯೊಂದು ಹೆಸರಿನ ಹಿಂದೆಯೂ ಒಂದೊಂದು ದಾರಿಯಿರುತ್ತದೆ. ಕೋವಿ ಎಂಬುದು ನಮ್ಮದೇ ಮಾತು. ಕೊಳವೆ, ನಳಿಗೆ ಎಂಬ ಅರ್ಥ ಅದಕ್ಕೆ ಮೊದಲಿನಿಂದಲೂ ಇತ್ತು. ಮದ್ದಿನ ಆಯುಧ ಬಂದಾಗ ಆ ಹಳೆಯ ಮಾತೇ ಹೊಸ ವಸ್ತುವಿಗೆ ಹೆಸರಾಯಿತು. ತುಪಾಕಿ ಎಂಬುದು ತುರ್ಕಿ ಭಾಷೆಯಿಂದ, ಬಂದೂಕು ಎಂಬುದು ಅರಬ್ಬಿಯಿಂದ ನಡೆದು ಬಂದವು. ಮಲೆಯಾಳದ ನೆರೆಯವರು ತೋಕ್ಕ್ ಎನ್ನುತ್ತಾರೆ. ಕೊಡವರೂ ತೋಕ್ ಎನ್ನುತ್ತಾರೆ. ನಮ್ಮ ತುಳುವಿನಲ್ಲಿ, ಹವ್ಯಕರ ಮನೆಮಾತಿನಲ್ಲಿ ಅದು ಬೆಡಿ. ಮಲೆಯಾಳದ ವೆಡಿ ಎಂಬ ಮಾತೇ ಇದು. ವಕಾರ ಬಕಾರವಾಗಿದೆ, ಅಷ್ಟೆ. ಅಲ್ಲಿ ಅದಕ್ಕೆ ಸ್ಫೋಟ, ಹೊಡೆತ ಎಂಬ ಅರ್ಥವಿದೆ. ನಮ್ಮಲ್ಲಿ ಹಬ್ಬದ ಸಿಡಿಮದ್ದೂ ಬೆಡಿಯೇ, ಕಾಡಿನ ಕೋವಿಯೂ ಬೆಡಿಯೇ. ಕುಂಬಳೆ ಗೋಪಾಲಕೃಷ್ಣ ದೇವಸ್ಥಾನದ ವಾರ್ಷಿಕ ಉತ್ಸವವನ್ನು ಊರವರು 'ಕುಂಬಳೆ ಬೆಡಿ' ಎಂದೇ ಕರೆಯುವುದು ಎಲ್ಲರಿಗೂ ತಿಳಿದಿದೆ.

ಇನ್ನೊಂದು ಮಾತು ಮದ್ದು. ಕಾಯಿಲೆಗೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ತುಳುವಿನ ಮರ್ದ್, ಮಲೆಯಾಳದ ಮರುನ್ನ್ ಎಂಬ ಮಾತುಗಳಿಗೂ ಇದೇ ಎರಡು ಅರ್ಥ. ಉಳಿಸುವುದಕ್ಕೂ ಅಳಿಸುವುದಕ್ಕೂ ಒಂದೇ ಹೆಸರಿಟ್ಟ ನಮ್ಮ ಭಾಷೆಗಳು ಎಷ್ಟು ಯೋಚಿಸಿ ಇಟ್ಟವೋ ಏನೋ, ಈ ಲೇಖನದುದ್ದಕ್ಕೂ ಆ ಮಾತು ನಮ್ಮನ್ನು ಬಿಟ್ಟಿಲ್ಲ.

ಕೇಪು ಎಂಬುದು ಇಂಗ್ಲಿಷಿನಿಂದ ಬಂದ ಮಾತು. ಅದರ ಹುಟ್ಟು ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಮೊದಲಿನ ಕೋವಿಗಳಲ್ಲಿ ಉರಿಯುವ ಬತ್ತಿಯಿಂದ ಮದ್ದಿಗೆ ಕಿಚ್ಚು ತಗುಲಿಸುತ್ತಿದ್ದರು. ಅನಂತರ ಚಕಮಕಿ ಕಲ್ಲಿನ ಕೋವಿ ಬಂದಿತು. ಕಲ್ಲಿನ ಕಿಡಿ ಹಾರಿದ ಕ್ಷಣಕ್ಕೂ ಗುಂಡು ಹೊರಡುವ ಕ್ಷಣಕ್ಕೂ ನಡುವೆ ಒಂದಿಷ್ಟು ಸಮಯ ಉಳಿಯುತ್ತಿತ್ತು. ಬೆಳಕನ್ನು ಕಂಡ ಹಕ್ಕಿ ಅಷ್ಟರಲ್ಲಿ ಹಾರಿಹೋಗುತ್ತಿತ್ತು. ಸ್ಕಾಟ್ಲೆಂಡಿನ ಒಂದು ಹಳ್ಳಿಯ ಪಾದ್ರಿ, ಅಲೆಕ್ಸಾಂಡರ್ ಫಾರ್ಸೈತ್, ಹಕ್ಕಿಬೇಟೆಯ ಹುಚ್ಚುಳ್ಳವನು. ಈ ತೊಂದರೆಯಿಂದ ಬೇಸತ್ತು, ಬಡಿತಕ್ಕೆ ಸಿಡಿಯುವ ರಾಸಾಯನಿಕವನ್ನು ಬಳಸಿ ಹೊಸ ವಿಧಾನವೊಂದನ್ನು ಕಂಡುಹಿಡಿದು 1807ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಮುಂದಿನ ಒಂದೆರಡು ದಶಕಗಳಲ್ಲಿ ಅದು ತಾಮ್ರದ ಪುಟ್ಟ ಟೊಪ್ಪಿಯ ರೂಪ ತಾಳಿತು. ಆ ಟೊಪ್ಪಿಯೇ ನಮ್ಮ ಕೇಪು. ಹಕ್ಕಿಯನ್ನು ತಪ್ಪಿಸಿಕೊಂಡ ಒಬ್ಬ ಪಾದ್ರಿಯ ಅಸಮಾಧಾನವು ಲೋಕದ ಸೈನ್ಯಗಳನ್ನೆಲ್ಲ ಬದಲಾಯಿಸಿ, ಕಡೆಗೆ ಪುತ್ತಿಗೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಅಡಿಕೆ ತೋಟಗಳವರೆಗೂ ಬಂದು ಮುಟ್ಟಿತು.

ಕೋಟೆಯಿಂದ ಮನೆಗೆ

ಮದ್ದುಗುಂಡು ನಮ್ಮ ಕರಾವಳಿಗೆ ಬಂದದ್ದು ಬೇಟೆಗಾಗಿ ಅಲ್ಲ, ಯುದ್ಧಕ್ಕಾಗಿ. ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಯ ನಾಯಕರು ಕಟ್ಟಿಸಿದ ಬೇಕಲ ಕೋಟೆಯಲ್ಲಿ ಮದ್ದಿನ ಮನೆಯನ್ನು ಇಂದಿಗೂ ಕಾಣಬಹುದು. ಮುಂದೆ ಆ ಕೋಟೆ ಹೈದರಾಲಿ, ಟಿಪ್ಪುವಿನ ಕೈಗೆ ಬಂದಿತು. 1799ರಲ್ಲಿ ಟಿಪ್ಪು ಮಡಿದ ಬಳಿಕ ಈ ನಾಡೆಲ್ಲ ಕುಂಪಣಿಯ ವಶವಾಯಿತು. ಸೈನ್ಯಗಳು ಚೆದುರಿದಾಗ ಅವುಗಳ ಆಯುಧಗಳೂ ಚೆದುರುವುದು ಲೋಕರೂಢಿ.

ಕುಂಪಣಿ ಸರಕಾರಕ್ಕೆ ಜನರ ಕೈಯಲ್ಲಿನ ಕೋವಿಯ ಭಯ ಹುಟ್ಟಲು ಕಾರಣಗಳಿದ್ದವು. ಸುಳ್ಯ, ಪುತ್ತೂರು ಸೀಮೆಗಳನ್ನು 1834ರಲ್ಲಿ ಕೊಡಗಿನಿಂದ ಬೇರ್ಪಡಿಸಿ ಕೆನರಾಕ್ಕೆ ಸೇರಿಸಿದ ಮೇಲೆ, ಕಂದಾಯವನ್ನು ಧಾನ್ಯದ ಬದಲು ಹಣದಲ್ಲಿ ಕಟ್ಟಬೇಕೆಂಬ ನಿಯಮ ರೈತರನ್ನು ಕೆರಳಿಸಿತು. 1837ರ ಅಮರ ಸುಳ್ಯದ ಬಂಡಾಯ ಎದ್ದಿತು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟ ದಂಡು ಮಂಗಳೂರನ್ನೇ ಹಿಡಿದು ಕೆಲವು ದಿನ ತನ್ನ ವಶದಲ್ಲಿಟ್ಟುಕೊಂಡಿತು. ಅನಂತರ 1857ರ ಮಹಾ ಸಂಗ್ರಾಮ. ಅದು ಅಡಗಿದ ಮೇಲೆ 1860ರಲ್ಲಿ ಆಯುಧಗಳ ಮೇಲೆ ಹಿಡಿತ ಸಾಧಿಸುವ ಕಾನೂನು ಬಂದಿತು. 1878ರಲ್ಲಿ ಲಿಟ್ಟನ್ ವೈಸ್‌ರಾಯ್ ಆಗಿದ್ದಾಗ ಭಾರತೀಯ ಶಸ್ತ್ರಾಸ್ತ್ರ ಕಾಯಿದೆ ಜಾರಿಗೊಂಡು, ಪರವಾನಿಗೆಯಿಲ್ಲದೆ ಕೋವಿ ಇಟ್ಟುಕೊಳ್ಳುವುದು ಅಪರಾಧವಾಯಿತು.

ಇಲ್ಲಿ ನಮ್ಮ ಗಡಿಯ ಒಂದು ವಿಚಿತ್ರವನ್ನು ಗಮನಿಸಬೇಕು. ಪಾಣತ್ತೂರಿನಿಂದ ಮೇಲೆ ಹತ್ತಿದರೆ ಕೊಡಗು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ 1861ರಲ್ಲಿ ಈ ನಿರ್ಬಂಧದಿಂದ ವಿನಾಯಿತಿ ದೊರೆಯಿತು. ಸ್ವಾತಂತ್ರ್ಯಾನಂತರವೂ ಅದು ಮುಂದುವರಿದು, ಈಗ 2029ರವರೆಗೆ ವಿಸ್ತರಣೆಗೊಂಡಿದೆ. ಒಂದೇ ಬೆಟ್ಟಸಾಲಿನ ಮೇಲಿನ ಮಗ್ಗುಲಲ್ಲಿ ಕೋವಿ ಮನೆತನದ ಹಕ್ಕು. ಕೆಳಗಿನ ಮಗ್ಗುಲಲ್ಲಿ, ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನಮ್ಮ ತಾಲೂಕಿನಲ್ಲಿ, ಅದು ಸರಕಾರದ ಕೃಪೆ. ಅಲ್ಲಿ ಸೆಪ್ಟೆಂಬರ್ 3ರಂದು, ನಾಟಿಯ ಕೆಲಸ ಮುಗಿದ ಸಮಯಕ್ಕೆ, ಕೈಲ್‌ಪೊಳ್ದ್ ಹಬ್ಬ. ಬೇಸಾಯದ ದಿನಗಳಲ್ಲಿ ಒಳಗಿಟ್ಟಿದ್ದ ಆಯುಧಗಳನ್ನು ಹೊರತೆಗೆದು, ತೋಕ್ ಪೂವೆಂಬ ಹೂವನ್ನು ಕೋವಿಯ ಬಾಯಿಗೆ ಸಿಕ್ಕಿಸಿ, ಪೂಜಿಸಿ, ಹಿಂದಿನ ಕಾಲದಲ್ಲಿ ಅಲ್ಲಿಂದಲೇ ಬೇಟೆಗೆ ಹೊರಡುತ್ತಿದ್ದರು. ಈಗ ಬೇಟೆಯ ಬದಲು ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಮಳೆ ಹಿಂದೆ ಸರಿದು ಶರತ್ಕಾಲ ಕಾಲಿಡುವ ಆ ದಿನಗಳೇ ನಮ್ಮಲ್ಲಿಯೂ ಕೋವಿ ಕೆಳಗಿಳಿಯುವ ದಿನಗಳಾಗಿದ್ದವು.

ಸೋಣದ ಬೆಳಗು

ಆಟಿಯ ಮಳೆ ಮುಗಿದು ಸೋಣ ತಿಂಗಳು ಬಂದಿತೆಂದರೆ ತೋಟದಲ್ಲಿ ಅಳಿಲಿನ ಕಾಲ. ನಮ್ಮ ತೋಟಗಳಲ್ಲಿ ಓಡಾಡುವ ಪಟ್ಟೆಯ ಅಳಿಲು, ತುಳುವರ ಚಣಿಲ್, ಎಲ್ಲ ಋತುವಿನಲ್ಲಿಯೂ ಇರುವಂಥದು. ಅದರ ಹಾನಿ ಚಿಲ್ಲರೆಯದು. ಹಿರಿಯರು ಕೋವಿ ಎತ್ತುತ್ತಿದ್ದುದು ಅದಕ್ಕಾಗಿ ಅಲ್ಲ, ಕೆಂದಳಿಲಿಗಾಗಿ. ಕಾಡಿನ ಅಂಚಿನ ಮರಗಳಲ್ಲಿ ವಾಸ, ದೇಹಕ್ಕಿಂತ ಉದ್ದನೆಯ ಬಾಲ, ಕೆಂಪು ಕಂದು ಬಣ್ಣ, ಎರಡು ಕಿಲೋಗ್ರಾಂವರೆಗೂ ತೂಗುವ ಮೈ. ನೆಲಕ್ಕೆ ಇಳಿಯುವುದು ಅಪರೂಪ. ಒಂದು ಮರದಿಂದ ಇನ್ನೊಂದಕ್ಕೆ ಆರು ಮೀಟರಿನಷ್ಟು ದೂರ ಹಾರಬಲ್ಲದು. ತೆಂಗಿನ ಮರಕ್ಕೆ ಬಂದರೆ ಬೊಂಡಕ್ಕೆ ತೂತು ಕೊರೆದು ಉರುಳಿಸುತ್ತದೆ. ನಸುಕಿನಲ್ಲಿ ಬೊಂಡ ಬಿದ್ದ ಸದ್ದು ಕೇಳಿದರೆ ಮನೆಯ ಯಜಮಾನನ ನಿದ್ದೆ ಹಾರಿಹೋಗುತ್ತಿತ್ತು.

ಕೋವಿ ತುಂಬುವ ಕ್ರಮವನ್ನು ನಾವು ಬಾಲ್ಯದಲ್ಲಿ ಜಗಲಿಯ ಕಂಬಕ್ಕೆ ಒರಗಿ ನೋಡಿದ್ದೇವೆ. ಮಳೆಗಾಲದಲ್ಲಿ ಮದ್ದಿಗೆ ಶೀತ ಹಿಡಿಯುತ್ತದೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಈ ಮೂರೂ ಸೇರಿದ ಕರಿಯ ಪುಡಿ ಗಾಳಿಯ ತೇವವನ್ನು ಹೀರುತ್ತದೆ. ಆದುದರಿಂದ ಸೋಣದ ಮೊದಲ ಬಿಸಿಲಿಗೆ ಅದನ್ನು ಹಾಳೆಯ ಮೇಲೆ ಹರಡಿ ಒಣಗಿಸುತ್ತಿದ್ದರು. ಅಂದು ಬೀಡಿ ಸೇದುವವರಿಗೆ ಅಂಗಳ ನಿಷಿದ್ಧ. ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅಳತೆಯ ಮದ್ದನ್ನು ಬಾಯಿಯಿಂದ ಸುರಿದು, ಅದರ ಮೇಲೆ ತೆಂಗಿನ ನಾರಿನ ಉಂಡೆಯನ್ನಿಟ್ಟು, ಗಜವೆಂಬ ಕೋಲಿನಿಂದ ಹದವಾಗಿ ಜಡಿಯಬೇಕು. ಹೆಚ್ಚು ಜಡಿದರೂ ಕೆಡುಕು, ಕಡಿಮೆಯಾದರೂ ಕೆಡುಕು. ಗಜ ತಟ್ಟಿದಾಗ ಮರುಪುಟಿಯುವ ಸದ್ದಿನಿಂದ ಹದ ತಿಳಿಯುತ್ತಿತ್ತು. ಅನಂತರ ಚರೆ, ಅದು ಉರುಳಿಹೋಗದಂತೆ ಮತ್ತೊಂದು ಉಂಡೆ ನಾರು. ಕೊನೆಗೆ, ಗುರಿಯ ಸ್ಥಳವನ್ನು ತಲುಪಿದ ಮೇಲೆಯೇ, ಕುದುರೆಯನ್ನು ಹಿಂದಕ್ಕೆಳೆದು ಮೊಲೆಯಂಥ ಕೊಳವೆಯ ತುದಿಗೆ ಕೇಪನ್ನು ತೊಡಿಸುವುದು. ಇಷ್ಟೆಲ್ಲ ಮಾಡಿದರೆ ಸಿಗುವುದು ಒಂದೇ ಈಡು. ಅದು ತಪ್ಪಿದರೆ ಮತ್ತೆ ಮೊದಲಿನಿಂದ ತುಂಬಬೇಕು. ಅಷ್ಟರಲ್ಲಿ ಅಳಿಲು ಆಚೆಯ ಗುಡ್ಡೆಯಲ್ಲಿರುತ್ತದೆ.

ಈ ಒಂದೇ ಈಡಿನ ನಿರ್ಬಂಧವೇ ಬೇಟೆಗಾರನಿಗೆ ತಾಳ್ಮೆ ಕಲಿಸಿತ್ತು. ಮಳೆನೀರು ತೊಟ್ಟಿಕ್ಕುವ ಕುಮ್ಕಿಯ ಕಾಡಿನಲ್ಲಿ, ಹಲಸು, ಪುನರ್ಪುಳಿ ಮರಗಳ ನಡುವೆ, ಒದ್ದೆಯಾದ ತರಗೆಲೆ ಹೆಜ್ಜೆಯ ಸದ್ದನ್ನು ನುಂಗುತ್ತಿತ್ತು. ಅಳಿಲಿನ ಉಪಾಯ ಎಲ್ಲರಿಗೂ ತಿಳಿದದ್ದೇ. ಮನುಷ್ಯನನ್ನು ಕಂಡೊಡನೆ ಅದು ಕಾಂಡದ ಆಚೆ ಮಗ್ಗುಲಿಗೆ ಸರಿದು ಅಂಟಿಕೊಳ್ಳುತ್ತದೆ. ಹಾಗಾಗಿ ಇಬ್ಬರು ಹೋಗಬೇಕು. ಒಬ್ಬ ಕೋವಿ ಹಿಡಿದು ಅಲುಗದೆ ನಿಲ್ಲುವುದು, ಇನ್ನೊಬ್ಬ ಮರವನ್ನು ಸುತ್ತು ಬಳಸಿ ನಡೆಯುವುದು. ನಡೆಯುವವನಿಂದ ಮರೆಯಾಗಲು ಸರಿದ ಅಳಿಲು ನಿಂತವನ ಕಣ್ಣಿಗೆ ಬೀಳುತ್ತದೆ. ಬೆರಳು ಒತ್ತಿದಾಗ ದಟ್ಟವಾದ ಬಿಳಿಯ ಹೊಗೆ ಎದ್ದು ಮರವೇ ಕಾಣದಾಗುತ್ತದೆ. ಈಡು ತಗುಲಿತೋ ಇಲ್ಲವೋ ಎಂಬುದನ್ನು ಕಣ್ಣಿನಿಂದ ಅಲ್ಲ, ಕಿವಿಯಿಂದ ತಿಳಿಯಬೇಕಿತ್ತು.

ಇದೇ ಆಟ ಭೂಮಿಯ ಇನ್ನೊಂದು ಮಗ್ಗುಲಿನಲ್ಲಿಯೂ ನಡೆಯುತ್ತಿತ್ತೆಂದರೆ ಓದುಗರಿಗೆ ಅಚ್ಚರಿಯಾಗಬಹುದು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ನೆಲೆಸಿದ ಜರ್ಮನ್ ಕಮ್ಮಾರರು ಉದ್ದನೆಯ ನಳಿಗೆಯ ಕೋವಿಗಳನ್ನು ಮಾಡುತ್ತಿದ್ದರು. ಅವುಗಳನ್ನು ಹಿಡಿದು ಒಕ್ಕಲಿಗರು ಎಲೆ ಬಣ್ಣಗೆಡುವ ಋತುವಿನಲ್ಲಿ ಓಕ್ ಮರಗಳ ಕಾಡಿಗೆ ಅಳಿಲಿನ ಬೇಟೆಗೆ ಹೋಗುತ್ತಿದ್ದರು. ಹಕ್ಕಿಗಳ ಚಿತ್ರಗಳಿಂದ ಹೆಸರಾದ ಆಡುಬಾನ್, ಡೇನಿಯಲ್ ಬೂನ್ ಎಂಬ ಪ್ರಸಿದ್ಧ ಬೇಟೆಗಾರನು ಅಳಿಲಿಗೆ ಗುರಿಯಿಡದೆ ಅದರ ಕೆಳಗಿನ ತೊಗಟೆಗೆ ಗುಂಡು ಹೊಡೆದು, ಆ ಆಘಾತದಿಂದಲೇ ಅದನ್ನು ಬೀಳಿಸುತ್ತಿದ್ದುದನ್ನು 1831ರಲ್ಲಿ ವರ್ಣಿಸಿದ್ದಾನೆ. ಅಲ್ಲಿಯೂ ಅಳಿಲು ಜೋಳದ ಹೊಲದ ಕಳ್ಳ, ಅಲ್ಲಿಯೂ ಕೈಯಲ್ಲಿರುವುದು ಒಂದೇ ಈಡು. ಇಂದಿಗೂ ಅಲ್ಲಿ ಕೆಲವರು ಪರವಾನಿಗೆ ಪಡೆದು, ಗೊತ್ತುಪಡಿಸಿದ ದಿನಗಳಲ್ಲಿ, ಹಳೆಯ ಮಾದರಿಯ ಬಾಯಿಮದ್ದಿನ ಕೋವಿಯಿಂದಲೇ ಅಳಿಲನ್ನು ಬೇಟೆಯಾಡುತ್ತಾರೆ. ನಮ್ಮಲ್ಲಿ ಆ ಬಾಗಿಲು ಮುಚ್ಚಿದೆ. ಏಕೆ ಮುಚ್ಚಿತು ಎಂಬುದನ್ನು ಮುಂದೆ ಹೇಳುತ್ತೇವೆ.

ಪರವಾನಿಗೆ ಯಾರದು, ಬೆರಳು ಯಾರದು?

ನಮ್ಮದು ಮಾಂಸ ತಿನ್ನದ ಮನೆ. ಆದರೂ ಅಜ್ಜನ ಹೆಸರಿನಲ್ಲಿ ಕೋವಿಯ ಪರವಾನಿಗೆ ಇತ್ತು. ಮದ್ದು ಒಣಗಿಸುವುದು, ಅಳೆಯುವುದು, ಗಜ ಹಾಕುವುದು ಎಲ್ಲವನ್ನೂ ಅಜ್ಜನೇ ಮಾಡುತ್ತಿದ್ದರು. ಕೇಪು ತೊಡಿಸಿ ಬೆರಳು ಒತ್ತುತ್ತಿದ್ದವರು ಮಾತ್ರ ಮನೆಯ ಕೆಲಸಕ್ಕೆ ಬರುತ್ತಿದ್ದ ಹಿರಿಯರೊಬ್ಬರು. ಬಿದ್ದ ಪ್ರಾಣಿ ಅವರದು. ಉಳಿದ ಬೊಂಡ ನಮ್ಮದು. ಸಂಜೆ ಅಜ್ಜ ಸ್ನಾನ ಮಾಡಿ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಕೊಂದದ್ದು ನಾವಲ್ಲ ಎಂಬ ಸಮಾಧಾನ ಮನೆಯಲ್ಲಿ ಎಲ್ಲರಿಗೂ ಇತ್ತು. ಒಮ್ಮೆ ಮಾತ್ರ ಅಜ್ಜಿ, ಅಂಗಳದ ತುದಿಯಲ್ಲಿ ಬಿದ್ದಿದ್ದ ಕೆಂದಳಿಲಿನ ಬಾಲವನ್ನು ನೋಡಿ, "ಕೋವಿ ನಿಮ್ಮದೇ ಅಲ್ಲವೋ?" ಎಂದು ಕೇಳಿದ್ದು ನಮಗೆ ನೆನಪಿದೆ. ಅಜ್ಜ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ನಮ್ಮೊಳಗೆ ಇನ್ನೂ ಉಳಿದಿದೆ.

ಇದು ಒಂದು ಮನೆಯ ಮಾತಲ್ಲ. ಪರವಾನಿಗೆ ಭೂಮಿಯಿದ್ದವನಿಗೆ, ವರ್ಗದಾರನಿಗೆ, ಕಂದಾಯ ಕಟ್ಟುವವನಿಗೆ ಸುಲಭವಾಗಿ ದೊರೆಯುತ್ತಿತ್ತು. ಕಾಡನ್ನು ಕೈಯಂತೆ ಬಲ್ಲ, ತಲೆತಲಾಂತರದಿಂದ ಕಾಡನ್ನೇ ನಂಬಿ ಬಾಳಿದ ಮಾವಿಲ, ಮಲೆವೆಟ್ಟುವ, ಕೊರಗ ಸಮುದಾಯದವರ ಕೈಗೆ ಅದು ಎಟುಕುವಂಥದಾಗಿರಲಿಲ್ಲ. ವೆಟ್ಟುವ ಎಂಬ ಹೆಸರಿನಲ್ಲಿಯೇ ಬೇಟೆಗಾರನೆಂಬ ಅರ್ಥವಿದೆ. 1882ರ ಮದ್ರಾಸು ಅರಣ್ಯ ಕಾಯಿದೆ ಕಾಡಿಗೆ ಗಡಿ ಹಾಕಿತು. ಶಸ್ತ್ರಾಸ್ತ್ರ ಕಾಯಿದೆ ಕೋವಿಗೆ ಗಡಿ ಹಾಕಿತು. ಎರಡರ ನಡುವೆ, ಬಲೆ ಬಿಲ್ಲು ಉರುಳುಗಳಿಂದ ಹೊಟ್ಟೆ ಹೊರೆಯುತ್ತಿದ್ದವರು ಕಳ್ಳಬೇಟೆಗಾರರೆನಿಸಿಕೊಂಡರು. ಕೋವಿಯಿದ್ದ ಭೂಮಾಲಿಕರು ಬೆಳೆ ರಕ್ಷಕರೆನಿಸಿಕೊಂಡರು. ಚರಿತ್ರೆಯನ್ನು ಬರೆಯುವಾಗ ಈ ಅಂತರವನ್ನು ಮುಚ್ಚಿಡುವುದು ಸರಿಯಲ್ಲ.

ಬೇಟೆ ನಮ್ಮ ನಾಡಿನ ನಂಬಿಕೆಯಲ್ಲಿಯೂ ಬೇರೂರಿದೆ. ಜಿಲ್ಲೆಯ ತೀಯ ಸಮುದಾಯದವರ ತರವಾಡುಗಳಲ್ಲಿ ನಡೆಯುವ ವಯನಾಟ್ಟು ಕುಲವನ್ ದೈವಂಕಟ್ಟು ಮಹೋತ್ಸವವನ್ನು ನಮ್ಮಲ್ಲಿ ಅನೇಕರು ನೋಡಿರುತ್ತಾರೆ. ಶಿವನ ತೊಡೆಯಿಂದ ಹುಟ್ಟಿ, ಕಳ್ಳು ಕುಡಿದ ತಪ್ಪಿಗೆ ಕಣ್ಣು ಕಳೆದುಕೊಂಡು, ಬಿದಿರಿನ ಬಿಲ್ಲನ್ನೂ ಸೂಟೆಯನ್ನೂ ಹಿಡಿದು ವಯನಾಡಿಗೆ ನಡೆದ ದೈವವದು. ಜೊತೆಗೆ ಕಂಡನಾರ್ ಕೇಳನ್ ಎಂಬ, ಕಾಡು ಸುಟ್ಟು ಬೇಸಾಯ ಮಾಡಿದ ವೀರನ ತೆಯ್ಯಂ. ಈ ಉತ್ಸವದಲ್ಲಿ ಬಪ್ಪಿಡಲ್ ಎಂಬ ಆಚರಣೆಯಿದ್ದು, ಹಿಂದೆ ಬೇಟೆಯ ಪ್ರಾಣಿಗಳನ್ನು ತಂದು ಒಪ್ಪಿಸುತ್ತಿದ್ದರು. ವನ್ಯಜೀವಿ ಕಾನೂನು ಬಂದ ಮೇಲೆ ಇದು ನಂಬಿಕೆಗೂ ಶಾಸನಕ್ಕೂ ನಡುವಿನ ಇಕ್ಕಟ್ಟಾಯಿತು. ನಮ್ಮ ಗಡಿಗೆ ತಾಗಿದ ಪುತ್ತೂರು ಸೀಮೆಯ ಕೆದಂಬಾಡಿ ಜತ್ತಪ್ಪ ರೈಗಳು 'ಬೇಟೆಯ ನೆನಪುಗಳು', 'ಈಡೊಂದು ಹುಲಿಯೆರಡು' ಎಂಬ ಪುಸ್ತಕಗಳ ಮೂಲಕ ಆ ಲೋಕವನ್ನು ಕನ್ನಡದಲ್ಲಿ ದಾಖಲಿಸಿದರು. ಅಂಥ ದಾಖಲೆ ನಮ್ಮ ಗಡಿಯ ಈಚೆಯ ಮನೆಗಳಿಂದಲೂ ಬರಬೇಕಾಗಿತ್ತು.

ಕಾನೂನು ಬದಲಾಯಿತು, ಬೆಳೆ ಬದಲಾಯಿತು

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಜಿಲ್ಲೆಯಾದದ್ದು 1984ರ ಮೇ 24ರಂದು. ನಡುವೆ 1959ರ ಶಸ್ತ್ರಾಸ್ತ್ರ ಕಾಯಿದೆ ಹಳೆಯದರ ಸ್ಥಾನಕ್ಕೆ ಬಂದಿತು. ಅದರ ಹದಿಮೂರನೆಯ ಕಲಮಿನಲ್ಲಿ ನಮ್ಮ ಕೇಪಿನ ಕೋವಿಗೆ ಒಂದು ಗೌರವದ ಸ್ಥಾನವಿದೆಯೆಂಬುದು ಅನೇಕರಿಗೆ ತಿಳಿಯದು. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಯನಳಿಗೆಯ ಕೋವಿ. ಪ್ರಾಮಾಣಿಕವಾದ ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಬೆಳೆ ರಕ್ಷಣೆಗೆ ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಕೋವಿ ಕೊಡಬಹುದು. ಅಂದರೆ ರೈತನ ಕೋವಿಯೆಂದರೆ ಕೇಪಿನ ಕೋವಿ ಎಂದೇ ದೇಶದ ಶಾಸನ ಭಾವಿಸಿತ್ತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಕೆಂದಳಿಲು ರಕ್ಷಿತ ಪ್ರಾಣಿಗಳ ಪಟ್ಟಿ ಸೇರಿತು. ಕೋವಿಗೆ ಪರವಾನಿಗೆ ಇದ್ದರೂ ಗುರಿಗೆ ಪರವಾನಿಗೆ ಇಲ್ಲದಾಯಿತು. ಕೋವಿ ಮೂಲೆಗೆ ಸೇರಿತು. ಅನಂತರ ಅದನ್ನು ಕೈಬಿಡಿಸಿದ್ದು ಕಾನೂನಿಗಿಂತ ಹೆಚ್ಚಾಗಿ ಕಿರಿಕಿರಿ. ಪ್ರತಿ ಚುನಾವಣೆಗೂ ಕೋವಿಯನ್ನು ಒಯ್ದು ಒಪ್ಪಿಸಬೇಕು, ಮತ್ತೆ ತರಬೇಕು. ನಮ್ಮ ಮನೆಯ ಕೋವಿ ಒಮ್ಮೆ ಹಾಗೆ ಹೋಗಿ ತಿಂಗಳುಗಳ ಬಳಿಕ ಮರಳಿದಾಗ ನಳಿಗೆಯ ಒಳಗೆ ತುಕ್ಕು ಹಿಡಿದಿತ್ತು. ಅಜ್ಜ ತೀರಿಕೊಂಡ ಮೇಲೆ ಅಪ್ಪ ಪರವಾನಿಗೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳದೆ ಕೋವಿಯನ್ನು ಸರಕಾರಕ್ಕೆ ಒಪ್ಪಿಸಿಬಿಟ್ಟರು. ಗಜವೊಂದು ಮಾತ್ರ ಹೇಗೋ ಮನೆಯಲ್ಲಿ ಉಳಿಯಿತು. ಅನೇಕ ವರ್ಷ ಅದರಿಂದ ಅಟ್ಟದ ಜೇಡನ ಬಲೆ ತೆಗೆಯುತ್ತಿದ್ದೆವು.

ವಿಧಿಯ ವಿನೋದವೆಂದರೆ, ಕೋವಿ ಮೂಲೆಗೆ ಸೇರಿದ ಅದೇ ದಶಕದಲ್ಲಿ ಅಳಿಲಿಗೆ ಅತ್ಯಂತ ಪ್ರಿಯವಾದ ಬೆಳೆ ನಮ್ಮ ತೋಟಗಳಿಗೆ ಬಂದಿತು. ಅದು ಕೊಕ್ಕೋ. 1970ರ ದಶಕದಲ್ಲಿ ಅಡಿಕೆಯ ನಡುವೆ ಉಪಬೆಳೆಯಾಗಿ ಅದು ಹರಡಿತು. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಕ್ಯಾಂಪ್ಕೊ ಕೊಕ್ಕೋ ಖರೀದಿಗೂ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ತೆರೆಯಿತು. ಕೆಂದಳಿಲನ್ನು ಬಿಡಿ, ಅದುವರೆಗೆ ಯಾರೂ ಲೆಕ್ಕಿಸದಿದ್ದ ಪಟ್ಟೆಯ ಅಳಿಲೇ ಈಗ ದೊಡ್ಡ ಕಳ್ಳನಾಯಿತು. ಹಣ್ಣಾದ ಕೊಕ್ಕೋ ಕಾಯಿಗೆ ತೂತು ಕೊರೆದು, ಬೀಜದ ಸುತ್ತಲಿನ ಸಿಹಿ ತಿರುಳನ್ನು ಚೀಪಿ, ಬೀಜವನ್ನು ಕೆಳಗೆ ಉದುರಿಸುತ್ತದೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು 1970ರಲ್ಲಿ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಕಾಸರಗೋಡಿನ ಸಂಸ್ಥೆಯ ವಿಜ್ಞಾನಿಗಳು ಇದನ್ನು ಅಧ್ಯಯನ ಮಾಡಿದರು. ಅವರು ಹೇಳಿದ ಉಪಾಯಗಳಲ್ಲಿ ಮುಖ್ಯವಾದುದು, ಕಾಯಿ ಬಲಿತ ಕೂಡಲೇ ತಡಮಾಡದೆ ಕೊಯ್ಯುವುದು. ಅಳಿಲು ಹಣ್ಣನ್ನೇ ಅರಸುತ್ತದೆ. ಹಣ್ಣು ಮರದಲ್ಲಿ ನಿಲ್ಲದಿದ್ದರೆ ನಷ್ಟ ಕಡಿಮೆ. ಕೋವಿಯಿಂದ ಸಾಧಿಸಬೇಕೆಂದಿದ್ದುದನ್ನು ಸಮಯಕ್ಕೆ ಸರಿಯಾದ ಕೊಯ್ಲು ಬಹುಮಟ್ಟಿಗೆ ಸಾಧಿಸುತ್ತದೆಯೆಂಬುದು ನಮ್ಮ ಅನುಭವವೂ ಹೌದು.

ಆದರೆ ಎಲ್ಲ ಪ್ರಾಣಿಗಳ ವಿಷಯದಲ್ಲಿಯೂ ಹೀಗೆ ಹೇಳಲಾಗುವುದಿಲ್ಲ. ಕಾಡುಹಂದಿ ಕೊಯ್ಲಿಗೆ ಕಾಯುವುದಿಲ್ಲ. ಎಳೆಯ ಬಾಳೆ, ಗೆಣಸು, ಭತ್ತ, ಸಸಿತೆಂಗು ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಮಗುಚುತ್ತದೆ. ಅದರ ಕಾಟ ಮಿತಿಮೀರಿದಾಗ ಕೇರಳ ಸರಕಾರವು 2022ರ ಮೇ ತಿಂಗಳಲ್ಲಿ, ಪರವಾನಿಗೆ ಹೊಂದಿದ ಕೋವಿಗಾರರಿಂದ ಹಂದಿಯನ್ನು ಕೊಲ್ಲಿಸಲು ಅನುಮತಿ ನೀಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಆಗ ಊರೂರಿನಲ್ಲಿ ಹುಡುಕಾಟ ಆರಂಭವಾಯಿತು: ಕೋವಿ ಯಾರಲ್ಲಿದೆ? ಗುರಿಯಿಡಬಲ್ಲವರು ಯಾರಿದ್ದಾರೆ? ಒಪ್ಪಿಸಿದ ಕೋವಿ ಮರಳಲಿಲ್ಲ, ಗುರಿಯಿಡಬಲ್ಲವರು ತೀರಿಕೊಂಡಿದ್ದರು.

ಉಳಿದಿರುವುದು

ಬಾಯಿಯಿಂದ ಮದ್ದು ತುಂಬುವ ವಿದ್ಯೆ ನಮ್ಮ ನಾಡಿನಲ್ಲಿ ಪೂರ್ತಿ ನಶಿಸಿಲ್ಲ. ದೇವಸ್ಥಾನಗಳಲ್ಲಿ, ದೈವದ ಕಳಗಳಲ್ಲಿ ಸಿಡಿಸುವ ಕದಿನ, ತುಳುವರ ಕದೊನಿ, ಅದೇ ವಿದ್ಯೆಯ ಇನ್ನೊಂದು ರೂಪ. ಕಬ್ಬಿಣದ ಕುಳಿಗೆ ಮದ್ದು ತುಂಬಿ, ಗಿಡಿದು, ಕಿಚ್ಚು ಕೊಡುವುದು. ಗುಂಡು ಮಾತ್ರ ಇರುವುದಿಲ್ಲ. ಯುದ್ಧಕ್ಕೆ ಬಂದ ಮದ್ದು ಬೇಟೆಗೆ ಇಳಿದು, ಕಡೆಗೆ ದೇವರ ಸೇವೆಗೆ ನಿಂತಿತು. ಅಲ್ಲಿಯೂ ಅದು ಎಚ್ಚರವನ್ನು ಬೇಡುತ್ತದೆ. 2024ರ ಅಕ್ಟೋಬರಿನಲ್ಲಿ ನೀಲೇಶ್ವರದ ತೆಯ್ಯಂ ಉತ್ಸವದ ವೇಳೆ ಸಿಡಿಮದ್ದಿನ ದಾಸ್ತಾನಿಗೆ ಬೆಂಕಿ ತಗುಲಿ ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡು, ಕೆಲವರು ಪ್ರಾಣ ಕಳೆದುಕೊಂಡುದನ್ನು ನಾವಾರೂ ಮರೆಯಲಾರೆವು. ಮದ್ದು ಒಣಗಿಸಿದ ದಿನ ಅಂಗಳಕ್ಕೆ ಬೀಡಿಯನ್ನು ಬಿಡದಿದ್ದ ಅಜ್ಜನ ಕಟ್ಟುನಿಟ್ಟು ಎಷ್ಟು ಸರಿಯೆಂದು ಅಂದು ನಮಗೆ ಅನ್ನಿಸಿತು.

ಮನೆಯ ಹಿಂದಿನ ಕುಮ್ಕಿಯ ಬಹುಭಾಗ ಈಗ ರಬ್ಬರಾಗಿದೆ. ಕೆಂದಳಿಲಿನ ಕೂಗು ಕೇಳದೆ ವರ್ಷಗಳೇ ಆದವು. ಅದನ್ನು ಓಡಿಸಿದ್ದು ಅಜ್ಜನ ಕೋವಿಯೋ, ನಾವು ಕಡಿದ ಮರಗಳೋ ಎಂದು ಕೇಳಿದರೆ, ಪ್ರಾಮಾಣಿಕವಾದ ಉತ್ತರ ನಮ್ಮ ಕಡೆಗೇ ಬೊಟ್ಟು ಮಾಡುತ್ತದೆ. ಒಂದು ಈಡಿಗೆ ಒಂದು ಅಳಿಲು ಬಿದ್ದೀತು. ಒಂದು ಮರ ಬಿದ್ದರೆ ಅದರ ಗೂಡು, ಅದರ ಹಾದಿ, ಅದರ ಮುಂದಿನ ಸಂತಾನ ಎಲ್ಲವೂ ಬೀಳುತ್ತವೆ. ಅಜ್ಜ ಕೋವಿಯ ಪರವಾನಿಗೆಯನ್ನು ಪ್ರತಿಯೊಂದು ಸಲವೂ ಕೇಳಿ ಪಡೆಯಬೇಕಾಗಿತ್ತು. ನಮ್ಮ ಗುಡ್ಡೆಯ ಮರ ಕಡಿಯುವಾಗ ಅಳಿಲಿನ ಲೆಕ್ಕವನ್ನು ನಮ್ಮೊಡನೆ ಯಾರೂ ಕೇಳಲಿಲ್ಲ.

ಸಂಘದ ಸದಸ್ಯರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯಲ್ಲಿ ಹಳೆಯ ಪರವಾನಿಗೆ ಪುಸ್ತಕವಿದ್ದರೆ ಎಸೆಯಬೇಡಿರಿ; ಒಂದು ಪ್ರತಿ ತೆಗೆದಿಡಿರಿ. ಮದ್ದಿನ ಕೊಂಬು, ಚರೆಯ ಚೀಲ, ಗಜ ಏನಾದರೂ ಉಳಿದಿದ್ದರೆ ಅದರ ಹೆಸರನ್ನು ಮಕ್ಕಳಿಗೆ ಹೇಳಿಕೊಡಿರಿ. ಎಂಬತ್ತು ದಾಟಿದ ಹಿರಿಯರಿದ್ದರೆ ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಿರಿ. ಪರವಾನಿಗೆ ಹೊಂದಿದ್ದವರ ನೆನಪುಗಳ ಜೊತೆಗೆ, ಬೆರಳು ಒತ್ತಿದವರ ಮನೆಗಳ ನೆನಪುಗಳನ್ನೂ ಕೇಳಿರಿ. ಅವರ ಮಾತು ಇದುವರೆಗೆ ಯಾವ ಸಂಚಿಕೆಯಲ್ಲಿಯೂ ಬಂದಿಲ್ಲ. ಈಡು, ಚರೆ, ಕುದುರೆ, ಗಜ ಎಂಬ ಮಾತುಗಳು ವಸ್ತುವಿನೊಡನೆಯೇ ಮಣ್ಣಾಗುವುದು ಬೇಡ. ಗಡಿನಾಡಿನಲ್ಲಿ ಭಾಷೆ ಉಳಿಯುವುದು ಘೋಷಣೆಗಳಿಂದ ಮಾತ್ರವಲ್ಲ, ಇಂಥ ಚಿಕ್ಕ ಚಿಕ್ಕ ಹೆಸರುಗಳನ್ನು ಬಿಟ್ಟುಕೊಡದಿರುವುದರಿಂದ.

ಸೇತುವೆ ಕಟ್ಟುವ ರಾಮನಿಗೆ ಮರಳು ಹೊತ್ತು ನೆರವಾದ ಅಳಿಲಿನ ಕಥೆಯನ್ನು ಕೇಳದವರಿಲ್ಲ. ನಮ್ಮ ಸಂಘದ ಆಮಂತ್ರಣ ಪತ್ರಗಳಲ್ಲಿ, ಧನ್ಯವಾದದ ಭಾಷಣಗಳಲ್ಲಿ ನಾವೆಲ್ಲರೂ ನಮ್ಮ ಕೆಲಸವನ್ನು 'ಅಳಿಲ ಸೇವೆ' ಎಂದು ವಿನಯದಿಂದ ಕರೆದುಕೊಳ್ಳುತ್ತೇವೆ. ಆ ಅಳಿಲಿಗೆ ನಮ್ಮ ಮನೆಯಂಗಳದಲ್ಲಿ ಏನಾಯಿತೆಂಬುದನ್ನೂ ಒಮ್ಮೆ ಬರೆದಿಟ್ಟರೆ ನಮ್ಮ ವಿನಯಕ್ಕೆ ಸ್ವಲ್ಪ ಅರ್ಥ ಬಂದೀತು. ಈ ಲೇಖನವನ್ನು ಬರೆಯುವ ಮುನ್ನ ಗಜವನ್ನು ಅಟ್ಟದಿಂದ ಇಳಿಸಿ ಒರೆಸಿ ನೋಡಿದೆವು. ಅದರ ತುದಿಯಲ್ಲಿ ತೆಂಗಿನ ನಾರಿನ ಎಳೆಯೊಂದು ಇನ್ನೂ ಸಿಕ್ಕಿಕೊಂಡಿತ್ತು.